ಎಡಗಿವಿಗೆ ಇನ್ನೂ ಐದೇ ವರ್ಷ

ಶ್ರವಣ ಕಸಿ ಯೋಜನೆಯ ಮುಖ್ಯಾಧಿಕಾರಿಯವರ ಕುರ್ಚಿಗೆ,

ಮಾನ್ಯರೇ, ಬರುವ ತಿಂಗಳು ನನ್ನ ಮಗಳ ಬಲಗಿವಿಯನ್ನು ಮೂರನೆಯ ಸಲ ಕೊಯ್ಯಬೇಕೆಂದು ತಮ್ಮ ಕಚೇರಿ ಆದೇಶ ಕಳಿಸಿದೆ. ಕೊಯ್ಯುವುದೇ ಆದರೆ ಎಡಗಿವಿಯನ್ನು ಕೊಯ್ಯಬೇಕು ಎಂದು ಸ್ಕ್ಯಾನು ಹೇಳುತ್ತದೆ, ಅವಳ ಸರ್ಜನ್ ಹೇಳುತ್ತಾರೆ, ಇಪ್ಪತ್ತು ತುಂಬಿದ ಅವಳೂ ಹೇಳುತ್ತಾಳೆ. ಬಲಗಿವಿಯೇ ಆಗಬೇಕೆಂದು ಹಟ ಹಿಡಿದಿರುವುದು ತಮ್ಮ ಫೈಲು ಮಾತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಇಷ್ಟು ದಿನ ಬರಿಯ ಉತ್ಪ್ರೇಕ್ಷೆ ಎಂದುಕೊಂಡಿದ್ದೆ.

ಕುರ್ಚಿಗೆ ಬರೆಯುತ್ತಿದ್ದೇನೆ, ಕ್ಷಮಿಸಿ. ಈ ಮೂರು ವರ್ಷಗಳಲ್ಲಿ ಅದರಲ್ಲಿ ಕುಳಿತವರು ಬದಲಾಗಿದ್ದಾರೆ, ಬಾಗಿಲ ಮೇಲಿನ ಹೆಸರು ಬದಲಾಗಿದೆ, ಹೊರಗಿನ ಬೆಂಚಿನ ಬಣ್ಣವೂ ಬದಲಾಗಿದೆ. ಉತ್ತರ ಮಾತ್ರ ಅದೇ ಇದೆ. ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ಕಿವಿಗಳಿಗಾಗಿಯೇ ಕಟ್ಟಿದ ಕಚೇರಿಯ ಗೋಡೆಗಳಿಗೆ ಅದೇಕೆ ಇಲ್ಲವೋ ತಿಳಿಯದು. ಹಾಗಾಗಿ ಈ ಸಲ ಪತ್ರಿಕೆಯ ಮೂಲಕ ಮಾತಾಡುತ್ತಿದ್ದೇನೆ.

ಓದುಗರಿಗಾಗಿ ಮೊದಲು ಸ್ವಲ್ಪ ವಿವರಿಸಬೇಕು. ತಮಗೆ ಇದೆಲ್ಲ ಗೊತ್ತಿದೆ ಎಂಬುದು ನನ್ನ ಸೌಜನ್ಯದ ಊಹೆ. ಕಿವಿಯ ತೀರಾ ಒಳಗೆ, ತಲೆಬುರುಡೆಯ ಅತಿ ಗಟ್ಟಿ ಎಲುಬಿನ ನಡುವೆ, ಬಟಾಣಿ ಕಾಳಿನಷ್ಟು ದೊಡ್ಡದೊಂದು ಬಸವನಹುಳುವಿನ ಚಿಪ್ಪಿದೆ. ನಾವು ಕೇಳುವುದು ಅದರಿಂದ. ಅದಕ್ಕೆ ಅಂಟಿಕೊಂಡೇ ಮೂರು ಅರೆಬಳೆಗಳಂಥ ಕೊಳವೆಗಳಿವೆ. ತಲೆ ಯಾವ ಕಡೆ ವಾಲಿದೆ, ಮೇಲೆ ಯಾವುದು, ಕೆಳಗೆ ಯಾವುದು ಎಂದು ಮೈಗೆ ತಿಳಿಸುವುದು ಅವೂ ಅವುಗಳ ನೆರೆಯ ಸಣ್ಣ ಚೀಲಗಳೂ. ಚಿಪ್ಪಿನಲ್ಲೂ ಬಳೆಗಳಲ್ಲೂ ಇರುವುದು ಒಂದೇ ದ್ರವ. ಒಂದೇ ಬಾವಿಯ ನೀರು ಕುಡಿಯುವ ಎರಡು ಮನೆಗಳು ಅನ್ನಿ. ಕೇಳದ ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕುವಾಗ, ಕಿವಿಯ ಹಿಂದೆ ಚರ್ಮದಡಿ ಒಂದು ಪುಟ್ಟ ಯಂತ್ರವನ್ನು ಇಟ್ಟು, ಅದರ ಕೂದಲಿನಂಥ ತಂತಿಯನ್ನು ಆ ಚಿಪ್ಪಿನ ಸುರುಳಿಯೊಳಗೆ ತೂರಿಸುತ್ತಾರೆ. ಹೊರಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಇನ್ನೊಂದು ಮಷಿನು ಶಬ್ದವನ್ನು ಹಿಡಿದು ಒಳಗೆ ಕಳಿಸುತ್ತದೆ. ಸತ್ತ ಜೀವಕೋಶಗಳ ಕೆಲಸವನ್ನು ತಂತಿ ಮಾಡುತ್ತದೆ. ಇದು ಪವಾಡಕ್ಕೆ ಕಡಿಮೆಯಾದದ್ದಲ್ಲ. ಹಾಗೆಂದು ನಾನು ಇವತ್ತೂ ಯಾರ ಎದುರಿಗಾದರೂ ಹೇಳುತ್ತೇನೆ.

ನನ್ನ ಮಗಳಿಗೆ ಐದನೇ ವರ್ಷದಲ್ಲಿ ಮಿದುಳು ಜ್ವರ ಬಂತು. ಜ್ವರ ಇಳಿದಾಗ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯ ತಳದಲ್ಲಿ, ಪಾತ್ರೆಗೆ ಹತ್ತಿದ ಅನ್ನದ ಹಾಗೆ, ಚೂರು ಉಳಿದಿತ್ತು. ತಮ್ಮ ಯೋಜನೆ ಆರು ತುಂಬದ ಮಕ್ಕಳಿಗೆ ಒಂದು ಕಿವಿಗೆ ಯಂತ್ರ ಹಾಕಿಸುತ್ತದೆ. ಹಾಕಿಸಿತು. ಯಂತ್ರಕ್ಕೆ ಜೀವ ಕೊಟ್ಟ ದಿನ ಅವಳು ನನ್ನ ತುಟಿಯನ್ನು ಬೆರಳಿನಿಂದ ಮುಟ್ಟಿ, "ಅಮ್ಮಾ, ಇಲ್ಲಿಂದಾನಾ ಬರ್ತಿರೋದು?" ಎಂದು ಕೇಳಿದಳು. ಆ ಹೊತ್ತು ತಮ್ಮ ಕುರ್ಚಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೆ. ಆ ನಮಸ್ಕಾರವನ್ನು ನಾನು ವಾಪಸು ಕೇಳುತ್ತಿಲ್ಲ.

ಅವಳು ಬೆಳೆದಳು, ಓದಿದಳು, ಜಗಳವಾಡಿದಳು. ಮನೆಯಲ್ಲಿ ಮಾತು ಬಿಸಿಯಾದರೆ ಸಾಕು, ಕಿವಿಯ ಹಿಂದಿನಿಂದ ಮಷಿನು ಕಿತ್ತು ಮೇಜಿನ ಮೇಲಿಡುತ್ತಿದ್ದಳು. "ಈ ಭಾಗ್ಯ ನನಗೆ ಯಾವಾಗ ಬರುತ್ತೋ" ಎಂದು ಅವಳಪ್ಪ ನನ್ನ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ನನಗೆ ಕವಿತೆಗಳನ್ನು ಜೋರಾಗಿ ಓದುವ ಚಟ. ಸಂಜೆ ನಾನು ಓದುತ್ತಿದ್ದರೆ, ಅವಳು ಮಷಿನು ತೆಗೆದಿಟ್ಟು, ಬಲಗಿವಿಯನ್ನು ನನ್ನ ಬೆನ್ನಿಗೆ ಒತ್ತಿಕೊಂಡು ಕೂರುತ್ತಿದ್ದಳು. ತಳದಲ್ಲಿ ಉಳಿದಿದ್ದ ಆ ಚೂರು ಕಿವಿಗೆ ನನ್ನ ದನಿಯ ಗುಂಯ್‌ಗುಡುವಿಕೆ ಕೇಳುತ್ತಿತ್ತು. ಪದಗಳಿಲ್ಲ, ಬರಿಯ ಏರಿಳಿತ. "ಮಷಿನಲ್ಲಿ ಕೇಳಿದ್ರೆ ಪದ್ಯ ಅರ್ಥ ಆಗುತ್ತೆ. ಬೆನ್ನಲ್ಲಿ ಕೇಳಿದ್ರೆ ಚೆನ್ನಾಗಿರುತ್ತೆ" ಎನ್ನುತ್ತಿದ್ದಳು. ಕಾವ್ಯದ ಬಗ್ಗೆ ನಾನು ತರಗತಿಗಳಲ್ಲಿ ಕೇಳಿದ ಮಾತುಗಳಲ್ಲಿ ಇಷ್ಟು ನೇರವಾದದ್ದು ಕಡಿಮೆ.

ಅವಳ ಇನ್ನೊಂದು ಲೋಕ ಈಜುಕೊಳ. ನೀರಿಗೆ ಇಳಿಯುವಾಗ ಹೊರಗಿನ ಮಷಿನು ತೆಗೆಯಲೇಬೇಕು. ಅಲ್ಲಿ ಅವಳಿಗೂ ಉಳಿದವರಿಗೂ ವ್ಯತ್ಯಾಸವಿರಲಿಲ್ಲ, ನೀರಿನಡಿ ಯಾರಿಗೆ ತಾನೇ ಸರಿಯಾಗಿ ಕೇಳುತ್ತದೆ? ಈಜು ಕಲಿಸುವ ಮೇಷ್ಟ್ರು ಅವಳನ್ನು "ಮೀನು" ಎಂದೇ ಕರೆಯುತ್ತಿದ್ದರು. ಹದಿನಾರಕ್ಕೆಲ್ಲ ಅವಳು ಪುಟ್ಟ ಮಕ್ಕಳಿಗೆ ತೇಲುವುದನ್ನು ಕಲಿಸುತ್ತಿದ್ದಳು. ಜೀವರಕ್ಷಕಿಯ ಪರೀಕ್ಷೆ ಪಾಸಾದರೆ ಅದೇ ಕೊಳದಲ್ಲಿ ಕೆಲಸ ಎಂದು ಮೇಷ್ಟ್ರು ಮಾತು ಕೊಟ್ಟಿದ್ದರು.

ಹದಿನೇಳರಲ್ಲಿ ಒಳಗಿನ ಯಂತ್ರ ಕೆಟ್ಟಿತು. ಯಂತ್ರವಲ್ಲವೇ, ಕೆಡುತ್ತದೆ. ಅದಕ್ಕೆ ತಮ್ಮನ್ನು ದೂರುವಷ್ಟು ಅವಿವೇಕಿ ನಾನಲ್ಲ. ಹಳೆಯದನ್ನು ತೆಗೆದು ಹೊಸದನ್ನು ಹಾಕುವುದಕ್ಕೆ ತಮ್ಮ ಯೋಜನೆಯಲ್ಲಿ ಒಂದು ಹೆಸರಿದೆ: "ಬಿಡಿಭಾಗ ಬದಲಾವಣೆ". ಎಂಥ ಮುದ್ದಾದ ಪದ! ಪಂಪಿನ ವಾಷರು, ಸೈಕಲ್ಲಿನ ಚೈನು, ಮಗಳ ಒಳಗಿವಿ. ಆದರೆ ವಾಷರಿನ ಸುತ್ತ ಮಾಂಸ ಬೆಳೆದಿರುವುದಿಲ್ಲ, ಮಾನ್ಯರೇ. ಹನ್ನೆರಡು ವರ್ಷ ಒಳಗಿದ್ದ ತಂತಿಯನ್ನು ದೇಹ ಸುಮ್ಮನೆ ಬಿಟ್ಟಿರುವುದಿಲ್ಲ. ಅದರ ಸುತ್ತ ನಾರಿನಂಥ ಕವಚ ನೇಯ್ದಿರುತ್ತದೆ, ಕೆಲವು ಕಡೆ ಎಲುಬಿನ ಹರಳುಗಳನ್ನೂ ಕಟ್ಟಿರುತ್ತದೆ. ಹಳೆಯ ತಂತಿಯನ್ನು ಎಳೆದಾಗ, ಹೊಸ ತಂತಿಯನ್ನು ಆ ಕಿರಿದಾದ ದಾರಿಯಲ್ಲಿ ತೂರಿಸಿದಾಗ, ಅಲ್ಲಿ ಉಳಿದಿದ್ದ ಕೋಮಲವಾದದ್ದು ಉಳಿಯಬಹುದು, ಉಳಿಯದಿರಬಹುದು. ಎಷ್ಟೋ ಜನರಿಗೆ ಎರಡನೆಯ ಯಂತ್ರ ಮೊದಲಿನಷ್ಟೇ, ಕೆಲವರಿಗೆ ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತದೆ. ಅವರನ್ನು ನಾನು ಕಂಡಿದ್ದೇನೆ, ಸಂತೋಷಪಟ್ಟಿದ್ದೇನೆ. ನನ್ನ ಪ್ರಶ್ನೆ ಇಷ್ಟೇ: ಒಳಗೆ ಏನೇನು ಉಳಿದಿದೆ ಎಂದು ಕತ್ತಿ ಇಡುವ ಮೊದಲು ಯಾರಾದರೂ ನೋಡಿದಿರಾ? ಉಳಿದ ಚೂರು ಎಷ್ಟು ಕೇಳುತ್ತದೆ ಎಂದು ಅಳೆದಿರಾ? ಅರೆಬಳೆಗಳು ಕೆಲಸ ಮಾಡುತ್ತಿವೆಯೇ ಎಂದು ಒಮ್ಮೆಯಾದರೂ ಪರೀಕ್ಷಿಸಿದಿರಾ? ಬಿಡಿಭಾಗ ಬದಲಾಯಿಸುವವನು ಸೈಕಲ್ಲಿನ ಮನಸ್ಸು ಕೇಳುತ್ತಾನೆಯೇ!

ಹೊಸ ಯಂತ್ರಕ್ಕೆ ಜೀವ ಕೊಟ್ಟ ದಿನ ಆಡಿಯಾಲಜಿಸ್ಟ್ ಹುಡುಗಿ ಕಂಪ್ಯೂಟರಿನ ಮುಂದೆ ಕುಳಿತು ತಂತಿಯ ಒಂದೊಂದೇ ಬಿಂದುವನ್ನು ಹೊಂದಿಸುತ್ತಿದ್ದಳು. ನಡುವೆ ಮಗಳ ಬಲಗಣ್ಣು ಪಟಪಟ ಹೊಡೆದುಕೊಳ್ಳತೊಡಗಿತು. ಪಕ್ಕದಲ್ಲೇ ಹಾಯುವ ಮುಖದ ನರಕ್ಕೆ ಕೆಲವು ಬಿಂದುಗಳ ವಿದ್ಯುತ್ತು ಸೋರುತ್ತಿದೆ ಎಂದು ಆ ಹುಡುಗಿ ಅವುಗಳನ್ನು ಆರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಮಾತಾಡಿ ಆಂಟಿ" ಎಂದಳು.

ನಾನು "ಮೀನೂ" ಎಂದೆ.

ಮಗಳು ನನ್ನನ್ನು ನೋಡಲಿಲ್ಲ. ಬಾಗಿಲಿನತ್ತ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಕರೆದೆ. ಈಗ ನನ್ನ ತುಟಿಯನ್ನೇ ದಿಟ್ಟಿಸಿದಳು. ಅವಳ ಮುಖದಲ್ಲಿ ಕಂಡದ್ದು ಭಯ ಎಂದು ನಾನು ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು.

"ಅಮ್ಮಾ, ನಿನ್ನ ಬಾಯಲ್ಲಿ ಬೇರೆ ಯಾರೋ ಮಾತಾಡ್ತಿದಾರೆ."

ತಂತಿ ಮೊದಲಿನಷ್ಟು ಆಳಕ್ಕೆ ಹೋಗಿರಲಿಲ್ಲ, ಕೆಲವು ಬಿಂದುಗಳು ಆರಿದ್ದವು. ಹೀಗಾಗಿ ಎಲ್ಲರ ದನಿಗಳೂ ತಮ್ಮ ಜಾಗ ಬಿಟ್ಟು ಸರಿದಿದ್ದವು. ಮಿದುಳು ಹೊಂದಿಕೊಳ್ಳುತ್ತದೆ ಎಂದು ಸಮಾಧಾನ ಹೇಳಿದರು. ಹೊಂದಿಕೊಂಡಿತು ಕೂಡ, ತಿಂಗಳುಗಳು ಹಿಡಿದವು ಅಷ್ಟೆ. ಆದರೆ ಕನಸಿನಲ್ಲಿ ನಾನು ಇನ್ನೂ ಹಳೆಯ ದನಿಯಲ್ಲೇ ಮಾತಾಡುತ್ತೇನಂತೆ. "ಕನಸಲ್ಲಿ ಬರೋದು ನನ್ನ ಅಮ್ಮ. ಎದ್ದ ಮೇಲೆ ಇರೋದು ನೀನು" ಎಂದಳು ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಾ. ನನ್ನ ಮುಖ ನೋಡಿ ಅವಳಿಗೇ ಕೆಡುಕೆನಿಸಿರಬೇಕು. "ನೀನೂ ಒಳ್ಳೆಯೋಳೇ ಬಿಡು" ಎಂದು ಸೇರಿಸಿದಳು. ನಾವಿಬ್ಬರೂ ನಕ್ಕೆವು. ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ನನ್ನದೊಂದು ದನಿ ಇತ್ತು, ಮಾನ್ಯರೇ. ಅದು ಲೋಕದಲ್ಲಿ ಒಬ್ಬಳ ಕಿವಿಯಲ್ಲಿ ಮಾತ್ರ ಇತ್ತು, ನಾನೂ ಅದನ್ನು ಒಮ್ಮೆಯೂ ಕೇಳಿಲ್ಲ. ಅದು ಈಗಿಲ್ಲ. ಈ ಬಗೆಯ ಸಾವಿಗೆ ತಮ್ಮ ಇಲಾಖೆಯಲ್ಲಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದ್ದಂತಿಲ್ಲ.

ಬೆನ್ನಿನ ವಿಷಯವನ್ನು ಅವಳು ತಡವಾಗಿ ಹೇಳಿದಳು. ಒಂದು ಸಂಜೆ ಮಷಿನು ತೆಗೆದಿಟ್ಟು ಎಂದಿನಂತೆ ಬಂದು ಒರಗಿದಳು. ನಾನು ಎರಡು ಪುಟ ಓದಿ ಮುಗಿಸಿದ ಮೇಲೆ ತಿರುಗಿ ನೋಡಿದರೆ ಕಣ್ಣು ತುಂಬಿಕೊಂಡಿದ್ದಳು. "ನಡುಗೋದು ಕೆನ್ನೆಗೆ ಗೊತ್ತಾಗುತ್ತೆ ಅಮ್ಮಾ. ದನಿ ಇಲ್ಲ. ನಿನ್ನ ಬೆನ್ನು ಸುಮ್ಮನಾಗಿಬಿಟ್ಟಿದೆ."

ತಳದಲ್ಲಿದ್ದ ಚೂರು ಹೋಗಿತ್ತು.

ಇಷ್ಟೇ ಆಗಿದ್ದರೆ ನಾನು ತಮಗೆ ಬರೆಯುತ್ತಿರಲಿಲ್ಲ. ಕವಿತೆ ಓದುವ ಹೆಂಗಸಿನ ಅಳಲು ಎಂದು ನಾನೇ ನುಂಗಿಕೊಳ್ಳುತ್ತಿದ್ದೆ. ಅದೇ ದಿನಗಳಲ್ಲಿ ಅವಳು ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ಕರೆಂಟು ಹೋದರೆ ನಿಂತಲ್ಲೇ ಕುಳಿತುಬಿಡುತ್ತಿದ್ದಳು. ಕತ್ತಲಲ್ಲಿ ನಡೆದರೆ ದೋಣಿಯಲ್ಲಿ ನಡೆದ ಹಾಗೆ ಅನ್ನಿಸುತ್ತದೆ ಎಂದಳು. ಆಪರೇಷನ್ನಿನ ನಿಶ್ಶಕ್ತಿ, ಸರಿಹೋಗುತ್ತದೆ ಎಂದರು. ಬೆಳಕಿನಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು, ಏಕೆಂದರೆ ಬೆಳಕಿನಲ್ಲಿ ಕಣ್ಣುಗಳು ಆ ಬಳೆಗಳ ಕೆಲಸವನ್ನೂ ಮಾಡುತ್ತವೆ. ಹಾಗಂತ ಆಗ ನಮಗೆ ಯಾರೂ ಹೇಳಿರಲಿಲ್ಲ.

ಜೀವರಕ್ಷಕಿಯ ಪರೀಕ್ಷೆಯ ದಿನ ನಾನೂ ಹೋಗಿದ್ದೆ. ಫಿಲ್ಟರು ಕೆಟ್ಟು ಕೊಳದ ನೀರು ಸುಣ್ಣ ಕಲಸಿದ ಹಾಗೆ ಕದಡಿತ್ತು. ಮುಂದೂಡೋಣವೇ ಎಂದು ಮೇಷ್ಟ್ರು ಕೇಳಿದರು. "ಮುಳುಗೋನು ತಿಳಿನೀರು ನೋಡಿ ಮುಳುಗ್ತಾನಾ ಸರ್?" ಎಂದು ಮಗಳು ಅವರದೇ ಮಾತನ್ನು ಅವರಿಗೇ ತಿರುಗಿಸಿದಳು. ಆಳದ ತುದಿಯಲ್ಲಿ ತಳಕ್ಕೆ ಹೋಗಿ ರಬ್ಬರಿನ ಇಟ್ಟಿಗೆ ತರಬೇಕು. ಅವಳು ಅದನ್ನು ಆಟದ ಹಾಗೆ ಮಾಡುತ್ತಿದ್ದವಳು. ಮಷಿನು ನನ್ನ ಕೈಯಲ್ಲಿಟ್ಟು ಧುಮುಕಿದಳು.

ಗುಳ್ಳೆಗಳು ಬಂದವು. ಮತ್ತಷ್ಟು ಬಂದವು. ನೀರಿನಡಿ ಅವಳ ಅಂಗಾಲುಗಳು ಬೆಳ್ಳಗೆ ಅಸ್ಪಷ್ಟವಾಗಿ ಕಾಣುತ್ತಿದ್ದವು. ತಲೆ ಕಾಣಬೇಕಾಗಿದ್ದ ಕಡೆ ಅಂಗಾಲು.

"ಏನ್ ಮಾಡ್ತಿದಾಳೆ ಇವಳು?" ಎಂದರು ಮೇಷ್ಟ್ರು. ಒಂದು ಕ್ಷಣ ಬಗ್ಗಿ ನೋಡಿದರು. "ಅಯ್ಯೋ! ಗುಳ್ಳೆ ಮೇಲೆ ಬರ್ತಿದೆ, ಹುಡುಗಿ ಕೆಳಗೆ ಹೋಗ್ತಿದಾಳೆ!"

ಸೀಟಿ, ಕೈಗಡಿಯಾರ, ಶೂಸು ಎಲ್ಲದರ ಸಮೇತ ಹಾರಿದರು. ಮೇಲೆ ತಂದು ಕಟ್ಟೆಯ ಮೇಲೆ ಮಲಗಿಸಿದಾಗ ಮಗಳ ಹಣೆಯ ಚರ್ಮ ಕಿತ್ತುಬಂದಿತ್ತು, ಬೆರಳ ತುದಿಗಳಲ್ಲಿ ರಕ್ತವಿತ್ತು. ಕೆಮ್ಮಿ ನೀರು ಕಾರಿದ ಮೇಲೆ ನನ್ನ ಕೈಯಿಂದ ಮಷಿನು ಇಸಿದುಕೊಂಡು ಹಾಕಿಕೊಂಡಳು. ಮೇಷ್ಟ್ರು ಬೈಯುತ್ತಿದ್ದರು. "ಮೀನು ಅಂತ ಕರೆದಿದ್ದಕ್ಕೆ ಅಲ್ಲೇ ಸಂಸಾರ ಹೂಡೋಕೆ ಹೊರಟಿದ್ಯಾ? ಹೆತ್ತೋಳ ಎದುರಿಗೆ ಮಾಡೋ ಕೆಲಸಾನಾ ಇದು?" ಬೈಯುತ್ತಲೇ ತಮ್ಮ ಒದ್ದೆ ಅಂಗಿಯನ್ನು ಬಿಚ್ಚಿ, ಹಿಂಡಿ, ಅವಳ ಹಣೆಗೆ ಒತ್ತಿ ಹಿಡಿದರು.

ಮಗಳು ನನ್ನನ್ನು ನೋಡಿ ಹೇಳಿದಳು: "ನಾನು ಮೇಲೇ ಬರ್ತಿದ್ದೆ ಅಮ್ಮಾ. ಯಾರೋ ನೀರಿಗೆ ಮುಚ್ಚಳ ಹಾಕಿದಾರೆ ಅಂದ್ಕೊಂಡೆ. ತಳ್ಳಿದೆ, ತೆಗೀಲೇ ಇಲ್ಲ."

ಕೊಳದ ತಳದ ಟೈಲ್ಸನ್ನು ಅವಳು ಆಕಾಶವೆಂದು ತಿಳಿದು ತಳ್ಳುತ್ತಿದ್ದಳು. ಆ ಮುಚ್ಚಳ ಈಗ ನನ್ನ ಎದೆಯ ಮೇಲಿದೆ. ಕೆಲಸದ ನಡುವೆ, ಬಸ್ಸಿನಲ್ಲಿ, ಯಾರೋ ಏನೋ ಕೇಳುತ್ತಿರುವಾಗ ಥಟ್ಟನೆ ನೆನಪಾಗುತ್ತದೆ, ಕೈಯಿಂದ ತಳ್ಳುತ್ತೇನೆ. ತಾವು ಯಾವತ್ತಾದರೂ ಕಣ್ಣು ಮುಚ್ಚಿ ನಿಂತು, ಮೇಲೆ ಯಾವುದು ಎಂದು ತಮ್ಮನ್ನೇ ಕೇಳಿಕೊಂಡಿದ್ದೀರಾ? ಕೇಳುವ ಅಗತ್ಯವೇ ಬಿದ್ದಿರಲಾರದು. ತಮ್ಮ ಒಳಗಿವಿ ತಮ್ಮನ್ನು ಕೇಳದೆಯೇ ಉತ್ತರ ಕೊಟ್ಟಿರುತ್ತದೆ.

ಆಮೇಲೆ ಬೇರೊಂದು ಆಸ್ಪತ್ರೆಯಲ್ಲಿ ಸಮತೋಲನದ ಪರೀಕ್ಷೆ ಮಾಡಿಸಿದೆವು. ಕಿವಿಗೆ ಬಿಸಿಗಾಳಿ, ತಣ್ಣನೆ ಗಾಳಿ ಊದಿ ಕಣ್ಣುಗುಡ್ಡೆ ಅಲುಗುತ್ತದೆಯೇ ಎಂದು ನೋಡುತ್ತಾರೆ. ಎಡಗಡೆ ಏನೂ ಇಲ್ಲ, ಅದು ಆ ಹಳೆಯ ಜ್ವರದಲ್ಲೇ ಸತ್ತಿದೆ. ಬಲಗಡೆ ಸ್ವಲ್ಪ, ಬಹಳ ಸ್ವಲ್ಪ, ಜೀವ ಇದೆ. ಅಂದರೆ ಇಷ್ಟು ವರ್ಷ ಅವಳನ್ನು ನೆಟ್ಟಗೆ ನಿಲ್ಲಿಸಿದ್ದು, ನೀರಿನಲ್ಲಿ ಮೇಲಕ್ಕೆ ತಂದದ್ದು ಬಲಗಿವಿಯ ಬಳೆಗಳು ಮಾತ್ರ. ಪರೀಕ್ಷೆ ಮಾಡಿದ ವೈದ್ಯೆ ಕೇಳಿದರು, "ಎರಡನೇ ಆಪರೇಷನ್‌ಗೆ ಮುಂಚೆ ಎಷ್ಟಿತ್ತು?"

"ಯಾರೂ ನೋಡಿಲ್ಲ."

"ಹಾಗಾದ್ರೆ ಎಷ್ಟು ಹೋಯ್ತು ಅಂತ ಈಗ ಯಾರೂ ಹೇಳೋಕಾಗಲ್ಲ."

ಇದನ್ನೇ ತಮ್ಮ ಕಚೇರಿ ಉತ್ತರವಾಗಿ ಬಳಸಿತು. ನನ್ನ ದೂರಿಗೆ ಬಂದ ಜವಾಬು: "ಮರುಕಸಿಯಿಂದ ನಷ್ಟ ಉಂಟಾಗಿದೆ ಎಂಬುದಕ್ಕೆ ದಾಖಲೆಯಿಲ್ಲ. ಉಪಕರಣವು ಕಾರ್ಯನಿರ್ವಹಿಸುತ್ತಿದೆ. ಪ್ರಕರಣ ಯಶಸ್ವಿ." ಇದು ಎಂಥ ಗಣಿತ, ಮಾನ್ಯರೇ! ಎಣಿಸದೇ ಇದ್ದದ್ದು ಕಳೆಯುವುದೇ ಇಲ್ಲ. ಉಪಕರಣ ಪಾಸಾಯಿತು. ಅದನ್ನು ಹೊತ್ತವಳು ಕೊಳದ ತಳದಲ್ಲಿ ಹಣೆ ಉಜ್ಜಿಕೊಂಡಳು, ಆದರೆ ಆ ಹೊತ್ತಿನಲ್ಲಿ ಅವಳು ಉಪಕರಣ ತೊಟ್ಟಿರಲಿಲ್ಲವಾದ್ದರಿಂದ ಅದು ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ, ಅಲ್ಲವೇ?

ಈಗ ಮೂರನೆಯ ಅಂಕ. ಎರಡನೆಯ ಯಂತ್ರವೂ ಸಾಯುತ್ತಿದೆ. ಮಾತಿನ ನಡುವೆ ತಟ್ಟನೆ ನಿಲ್ಲುತ್ತದೆ, ಮತ್ತೆ ಬರುತ್ತದೆ. ಕೊಳದಲ್ಲಿ ಈಗ ಟಿಕೆಟು ಕೊಡುವ ಕಿಟಕಿಯ ಹಿಂದೆ ಕೂರುವ ಅವಳು ಜನರ ಅರ್ಧ ವಾಕ್ಯಗಳನ್ನು ಊಹೆಯಿಂದ ತುಂಬಿಸಿಕೊಳ್ಳುತ್ತಾಳೆ. ಸರ್ಜನ್ ಎರಡೂ ಕಿವಿಗಳ ಸ್ಕ್ಯಾನು ನೋಡಿ, ಮರೆಮಾಚದೆ ಹೇಳಿದರು. ಅವರು ಒಳ್ಳೆಯವರು. ಅವರ ಕೈಯ ಮೇಲೆ ನನಗೆ ಯಾವ ದೂರೂ ಇಲ್ಲ.

"ಬಲಗಡೆ ದಾರಿ ಮುಚ್ಚಿಕೊಳ್ತಾ ಬಂದಿದೆ. ಎಲುಬು ಕೊರೀಬೇಕಾಗಬಹುದು. ಉಳಿದಿರೋ ಬ್ಯಾಲೆನ್ಸ್ ಆಮೇಲೆ ಉಳಿಯುತ್ತೆ ಅಂತ ನಾನು ಹೇಳಲ್ಲಮ್ಮ."

"ಎಡಗಡೆ?" ಎಂದಳು ಮಗಳು.

"ಎಡಗಡೆ ಚಿಪ್ಪು ತೆರೆದಿದೆ. ಕಳ್ಕೊಳ್ಳೋಕೆ ಅಲ್ಲಿ ಏನೂ ಉಳಿದಿಲ್ಲ. ಆದ್ರೆ ಹದಿನೈದು ವರ್ಷ ಮಲಗಿರೋ ನರ ಅದು. ಎಬ್ಬಿಸಿದ್ರೆ ಶಬ್ದ ಬರಬಹುದು. ಮಾತು ಬರುತ್ತೋ ಇಲ್ವೋ, ಮಾತು ಕೊಡಲಾರೆ."

ಈ ಎರಡು ಕಿವಿಗಳನ್ನು ತಮ್ಮ ಮುಂದಿಟ್ಟಿದ್ದೇನೆ. ಒಂದು, ಖಾಲಿ ಮನೆ. ಇನ್ನೊಂದು, ಒಂದು ಮೂಲೆಯಲ್ಲಿ ಇನ್ನೂ ದೀಪ ಉರಿಯುತ್ತಿರುವ ಮನೆ. ಗೋಡೆ ಒಡೆಯುವುದಾದರೆ ಯಾವ ಮನೆಯದನ್ನು ಒಡೆಯಬೇಕು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ತಮ್ಮ ಗುಮಾಸ್ತರೊಬ್ಬರನ್ನು ಬಿಟ್ಟು. ಪಾಪ, ಅವರದೇನೂ ತಪ್ಪಿಲ್ಲ. ಅವರಿಗೂ ನಮಗೂ ನಡೆದ ಸಂಭಾಷಣೆಯನ್ನು ತಾವು ಕೇಳಿಸಿಕೊಳ್ಳಬೇಕು.

"ಕಿವಿ ಬದಲಾಯಿಸೋಕೆ ಆಗಲ್ಲ ಮೇಡಂ."

"ಯಾಕಪ್ಪಾ?"

"ಫೈಲು ಬಲಗಿವಿದು. ಬಲಗಿವಿಗೆ ಬದಲಾವಣೆ ಎಷ್ಟು ಸಲ ಬೇಕಾದ್ರೂ ಕೊಡಬಹುದು. ಎಡಗಿವಿ ಅಂದ್ರೆ ಹೊಸ ಫಲಾನುಭವಿ ಆಗುತ್ತೆ."

"ಎರಡೂ ಕಿವಿ ಒಂದೇ ಹುಡುಗಿದಲ್ವಾ?"

"ಹೌದು ಮೇಡಂ, ಆದ್ರೆ ಕಂಪ್ಯೂಟರಲ್ಲಿ ಕಿವಿಗೊಂದು ನಂಬರು. ಹೊಸ ಫಲಾನುಭವಿಗೆ ಆರು ವರ್ಷ ದಾಟಿರಬಾರದು. ಇವರಿಗೆ ಇಪ್ಪತ್ತು."

ಅಷ್ಟು ಹೊತ್ತು ಅವರ ತುಟಿಯನ್ನೇ ನೋಡುತ್ತಿದ್ದ ಮಗಳು ಮುಂದೆ ಬಾಗಿದಳು. "ನನಗೆ ಇಪ್ಪತ್ತು ಸರ್. ಎಡಗಿವಿ ಐದಕ್ಕೇ ನಿಂತುಹೋಗಿದೆ. ಅದಕ್ಕೆ ಇನ್ನೂ ಐದೇ ವರ್ಷ. ಬರ್ಕೊಳ್ಳಿ."

ಗುಮಾಸ್ತರು ನಗಲು ಹೊರಟು ನಿಲ್ಲಿಸಿದರು. ಕುರ್ಚಿಯಿಂದ ಎದ್ದು, ನೀರು ಕುಡಿದು ಬಂದರು. "ಕಂಪ್ಯೂಟರ್ ತಗೊಳ್ಳಲ್ಲ ತಾಯಿ" ಎಂದರು, ಬಹಳ ಮೆಲ್ಲಗೆ. ಆ ಮೆಲ್ಲಗಿನ ಮಾತು ಅವಳ ಯಂತ್ರಕ್ಕೆ ಕೇಳಲಿಲ್ಲ, ನಾನು ಬಾಯಿ ಬಿಟ್ಟು ಮತ್ತೆ ಹೇಳಬೇಕಾಯಿತು.

ಅವಳು ತಮಾಷೆಗೆ ಹೇಳಿದ ಆ ಐದು ವರ್ಷದ ಕಿವಿ ಅಂದಿನಿಂದ ನನ್ನ ಜೊತೆ ಓಡಾಡುತ್ತಿದೆ. ಅದು ಜ್ವರದ ಹಿಂದಿನ ದಿನ ನನ್ನ ಮಾತು ಕೇಳಿ ಮಲಗಿದ ಕಿವಿ. ಯಾವ ಯಂತ್ರವೂ ಅದನ್ನು ಮುಟ್ಟಿಲ್ಲ. ನನ್ನ ನಿಜವಾದ ದನಿಯನ್ನು ಮಾತ್ರ ಕೇಳಿದ ಕಿವಿ ಅದು. ಅದರೊಳಗೆ ಏನು ನಿಂತಿದೆಯೋ, ನಾನು ಆ ರಾತ್ರಿ ಕೊನೆಗೆ ಅಂದದ್ದು ಏನೋ, ಎಷ್ಟು ನೆನೆದರೂ ಹೊಳೆಯುವುದಿಲ್ಲ. ಮಲಗು ಎಂದಿರಬೇಕು. ತಾಯಂದಿರು ಸಾಮಾನ್ಯವಾಗಿ ಅದನ್ನೇ ಅನ್ನುತ್ತಾರೆ.

ಇಲ್ಲಿ ನನ್ನ ಸ್ವಾರ್ಥವನ್ನೂ ಬರೆದುಬಿಡುತ್ತೇನೆ, ತಮ್ಮ ಫೈಲಿಗೆ ಉಪಯೋಗವಾದೀತು. ಬಲಗಿವಿಗೆ ಮೂರನೆಯ ಯಂತ್ರ ಹಾಕಿದರೆ ಅವಳಿಗೆ ನನ್ನ ಮಾತು ಕೇಳುವ ಸಾಧ್ಯತೆ ಹೆಚ್ಚು. ಎಡಗಿವಿಯಾದರೆ ನಾನು ಅವಳಿಗೆ ಒಂದು ಗದ್ದಲವಾಗಿ ಉಳಿಯಬಹುದು, ನೀರಿನ ಪಂಪಿನಂತೆ, ದೂರದ ಟ್ರಾಫಿಕ್ಕಿನಂತೆ. ಇದನ್ನು ಅವಳ ಎದುರಿಗೇ ಹೇಳಿದೆ. ಊಟದ ಮೇಜಿನ ಮೇಲೆ ತಟ್ಟೆಗಳು ಇನ್ನೂ ಹಾಗೇ ಇದ್ದವು. ಅವಳಪ್ಪ, "ನಿಮ್ಮಮ್ಮನ ಮಾತು ಗದ್ದಲದ ಹಾಗೆ ಕೇಳ್ಸೋದು ನಿನಗೊಬ್ಬಳಿಗೇ ಅಂತ ಹೆಮ್ಮೆ ಪಡಬೇಡ" ಎಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ, ಅವರೂ ಸೇರಿ.

"ಒಮ್ಮೆ ಯೋಚನೆ ಮಾಡು ಕಣೇ. ಮಾತೇ ಕೇಳದೆ ಹೇಗೆ ಇರ್ತೀಯಾ?" ಎಂದೆ.

"ಕೇಳದೆ ಇದ್ದು ನನಗೆ ಅಭ್ಯಾಸ ಇದೆ ಅಮ್ಮಾ. ಮೇಲೆ ಯಾವುದು ಕೆಳಗೆ ಯಾವುದು ಗೊತ್ತಿಲ್ಲದೆ ಇರೋಕೆ ಅಭ್ಯಾಸ ಇಲ್ಲ. ಅದನ್ನ ನಾನು ಕಲಿಯಲ್ಲ." ಆಮೇಲೆ ಕೈಯೆತ್ತಿದಳು. ಕೊಳಕ್ಕೆ ಬರುವ ಕಿವುಡ ಗೆಳತಿಯರಿಂದ ಕಲಿತ ಸನ್ನೆಭಾಷೆಯಲ್ಲಿ ಏನೋ ಹೇಳಿದಳು. ನನಗೆ ಅರ್ಧ ಗೊತ್ತಾಯಿತು. "ಪೂರ್ತಿ ಗೊತ್ತಾಗಬೇಕಂದ್ರೆ ಕಲಿ" ಎಂದಳು. ಕಲಿಯುತ್ತಿದ್ದೇನೆ. ನನ್ನ ಬೆರಳುಗಳು ಮೊದ್ದು, ಅವಳ ಪ್ರಕಾರ ನಾನು ತೊದಲುತ್ತೇನೆ. ಒಂದು ಕಾಲದಲ್ಲಿ ಅವಳ ತೊದಲನ್ನು ನಾನು ತಿದ್ದುತ್ತಿದ್ದೆ.

ತಮ್ಮ ಆದೇಶದ ಕೊನೆಯ ಸಾಲು ಹೀಗಿದೆ: ನಿಗದಿತ ದಿನ ಹಾಜರಾಗದಿದ್ದಲ್ಲಿ ಫಲಾನುಭವಿಯು ಸ್ವಇಚ್ಛೆಯಿಂದ ನಿರಾಕರಿಸಿದಂತೆ ಪರಿಗಣಿಸಿ ಪ್ರಕರಣ ಮುಕ್ತಾಯಗೊಳಿಸಲಾಗುವುದು. ಮುಕ್ತಾಯ ಎಂದರೆ ಮುಂದೆ ಬ್ಯಾಟರಿಯಿಲ್ಲ, ಪರೀಕ್ಷೆಯಿಲ್ಲ, ಎಡವೂ ಇಲ್ಲ, ಬಲವೂ ಇಲ್ಲ. ಸ್ವಇಚ್ಛೆ ಎಂಬ ಪದವನ್ನು ಇಷ್ಟು ನಿರಾಳವಾಗಿ ಬಳಸುವವರು ಅವಳ ಇಚ್ಛೆ ಏನೆಂದು ಒಂದು ಸಲ ಕೇಳಬಹುದಿತ್ತು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರೆ. ಈ ಮಾತು ಕಟ್ಟಿದವರು ಕಿವುಡರನ್ನು ಹತ್ತಿರದಿಂದ ನೋಡಿರಲಾರರು. ಕಿವುಡಿಯಾದ ನನ್ನ ಮಗಳು ಕಿನ್ನರಿ ಬಾರಿಸುವವನ ಬೆರಳು ನೋಡುತ್ತಾಳೆ, ಮುಖ ನೋಡುತ್ತಾಳೆ, ಮುಗಿದ ಮೇಲೆ ಏನು ಬಾರಿಸಿದೆ ಎಂದು ಕೇಳುತ್ತಾಳೆ. ಅಷ್ಟನ್ನಾದರೂ ತಾವು ಮಾಡಿ.

ಆದ್ದರಿಂದ, ಮಾನ್ಯರೇ, ಆದೇಶದಲ್ಲಿ ಬಲ ಎಂದಿರುವಲ್ಲಿ ಎಡ ಎಂದು ತಿದ್ದಿ. ಒಂದು ಪದ. ಕಂಪ್ಯೂಟರು ತೆಗೆದುಕೊಳ್ಳದಿದ್ದರೆ ಕೈಯಲ್ಲಿ ಬರೆಯಿರಿ, ಕಂಪ್ಯೂಟರು ಬರುವ ಮೊದಲೂ ಮನುಷ್ಯರು ಆದೇಶ ಬರೆಯುತ್ತಿದ್ದರು. ಮತ್ತು ಇನ್ನು ಮುಂದೆ ಯಾರ ಕಿವಿಯನ್ನೇ ಆಗಲಿ ಎರಡನೆಯ ಸಲ ತೆರೆಯುವ ಮೊದಲು ಒಳಗೆ ಏನು ಉಳಿದಿದೆ ಎಂದು ಅಳೆಯಿರಿ: ಕೇಳುವುದು ಎಷ್ಟು, ನೆಟ್ಟಗೆ ನಿಲ್ಲಿಸುವುದು ಎಷ್ಟು. ಅಳೆದದ್ದನ್ನು ಆ ಕಿವಿಯ ಒಡೆಯರಿಗೆ ಅರ್ಥವಾಗುವ ಮಾತಿನಲ್ಲಿ, ಬೇಕಾದರೆ ಕೈಸನ್ನೆಯಲ್ಲಿ, ಹೇಳಿ. ಏನು ಹೋಗಬಹುದು ಎಂದೂ ಹೇಳಿ. ಆಮೇಲೆ ಅವರು ಬೇಡ ಎಂದರೆ ಅವರ ಬಾಗಿಲು ಮುಚ್ಚಬೇಡಿ. ನನ್ನ ಮಗಳ ಬಲಗಿವಿ ತಮಗೆ ಬಿಡಿಭಾಗವಾಗಿರಬಹುದು, ಅವಳಿಗೆ ಅದು ಕೊನೆಯ ನೆಲ.

ಕಳೆದ ಎರಡು ಸಲವೂ ಒಪ್ಪಿಗೆಯ ಹಾಳೆಯಲ್ಲಿ ತಾಯಿ ಎಂದಿದ್ದ ಕಡೆ ನನ್ನ ಸಹಿ ಇತ್ತು. ಈ ಸಲ ಆ ಜಾಗ ಅವಳದು. ನಿಗದಿತ ದಿನ ಅವಳು ಹಾಜರಾಗುತ್ತಾಳೆ, ಗೈರುಹಾಜರಿಯ ಸುಖವನ್ನು ತಮಗೆ ಕೊಡುವುದಿಲ್ಲ. ಹಾಳೆಯಲ್ಲಿ ಎಡ ಎಂದಿದ್ದರೆ ಸಹಿ ಮಾಡುತ್ತಾಳೆ. ಬಲ ಎಂದಿದ್ದರೆ ಪೆನ್ನು ಕೆಳಗಿಟ್ಟು ಎದ್ದು ಬಾಗಿಲಿನ ಕಡೆ ನಡೆಯುತ್ತಾಳೆ. ಬೆಳಕಿರುವಷ್ಟು ದೂರ ಅವಳು ಯಾರ ಕೈಯನ್ನೂ ಹಿಡಿಯದೆ ನೆಟ್ಟಗೆ ನಡೆಯಬಲ್ಲಳು. ತಮ್ಮ ಕಟ್ಟಡದ ಕಾರಿಡಾರು ಉದ್ದವಾದದ್ದು, ಕಿಟಕಿಗಳಿಲ್ಲದ್ದು. ಅವಳು ಅದನ್ನು ದಾಟುವ ತನಕ ದೀಪ ಆರಿಸದಂತೆ ಯಾರಿಗಾದರೂ ಹೇಳಿರಿ.

ಇಂತಿ,
ಇನ್ನು ಸಹಿಯ ಹಕ್ಕಿಲ್ಲದ,
ಅವಳ ಅಮ್ಮ